ಮೈತ್ತಾ ಅಂದರೆ ಬಿಡಬೇಕು

ಬೆಂಗಳೂರಿನಲ್ಲಿ ಪಿ.ಜಿ. ಹುಡುಕಲು ನನಗೆ ಎರಡು ದಿನ ಸಾಕಾಯಿತು. ಕೆಲಸ ಹುಡುಕಲು ಹನ್ನೊಂದು ತಿಂಗಳು ಹಿಡಿಯಿತು. ಇವೆರಡರ ನಡುವೆ ಇನ್ನೊಂದನ್ನೂ ಹುಡುಕಿದೆ. ಜಪಾನಿ ಮಾದರಿಯ ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್, ಅಂದರೆ ಎಂಎಂಎ ಕಲಿಸುವ ಜಿಮ್. ಅದಕ್ಕೆ ನಾಲ್ಕು ತಿಂಗಳು ಬೇಕಾಯಿತು. ‘ಗಲ್ಲಿಗೊಂದು ಜಿಮ್ ಇರೋ ಊರಲ್ಲಿ ನಿನಗೊಂದು ಸಿಗಲಿಲ್ವೇನೇ?’ ಎಂದು ಮಂಡ್ಯದ ರೂಮ್‌ಮೇಟ್ ನಗುತ್ತಿದ್ದಳು. ಜಿಮ್‌ಗಳಿಗೇನೂ ಬರ ಇರಲಿಲ್ಲ. ನನಗೆ ಬೇಕಾದದ್ದು ಮಾತ್ರ ಬೋರ್ಡ್ ನೋಡಿ ಗೊತ್ತಾಗುವಂಥದ್ದಾಗಿರಲಿಲ್ಲ.

ನಾನು ಬೆಳಗಾವಿ ಕಡೆಯವಳು. ಎಂಟನೇ ಕ್ಲಾಸಿನಿಂದ ಜೂಡೊ ಆಡಿದ್ದೇನೆ. ಬಿಸಿಎ ಮುಗಿಸುವ ಹೊತ್ತಿಗೆ ರಾಜ್ಯಮಟ್ಟದಲ್ಲಿ ಒಂದು ಕಂಚು, ಎರಡು ಸಲ ಮುರಿದ ಕಿರುಬೆರಳು ಮತ್ತು ಎಲ್ಲಿ ಬಿದ್ದರೂ ತಲೆ ಕಾಪಾಡಿಕೊಂಡು ಬೀಳುವ ಅಭ್ಯಾಸ, ಇಷ್ಟು ನನ್ನ ಆಸ್ತಿ. ಬೆಂಗಳೂರಿಗೆ ಬಂದ ಮೇಲೆ ಬೆಳಿಗ್ಗೆ ವಾಕ್‌-ಇನ್, ಮಧ್ಯಾಹ್ನ ಆನ್‌ಲೈನ್ ಟೆಸ್ಟ್, ಸಂಜೆ ಎರಡು ಮನೆಯಲ್ಲಿ ಟ್ಯೂಷನ್. ‘ತಿಳಿಸ್ತೀವಿ’ ಎಂದ ಕಂಪನಿಗಳು ತಿಳಿಸುತ್ತಿರಲಿಲ್ಲ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಏಳು ವರ್ಷ ದಿನಕ್ಕೆರಡು ಗಂಟೆ ದುಡಿದ ಮೈಯನ್ನು ಏಕಾಏಕಿ ಲ್ಯಾಪ್‌ಟಾಪ್ ಮುಂದೆ ಕೂರಿಸಿದರೆ ಮನಸ್ಸೂ ಕೊಳೆಯಲು ಶುರುವಾಗುತ್ತದೆ. ಕೆಲಸ ಹುಡುಕುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಜೂಡೊವನ್ನೇ ಮುಂದುವರಿಸಬಹುದಿತ್ತಲ್ಲ ಎನ್ನಬಹುದು. ಎಸೆಯುವುದು ಗೊತ್ತಿತ್ತು, ಹೊಡೆತ ಬಂದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕಾಲೇಜು ದಿನಗಳಿಂದಲೂ ಅದು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಬಾಕ್ಸಿಂಗ್ ಒಂದು ಕಡೆ, ಕುಸ್ತಿ ಒಂದು ಕಡೆ, ಜೂಡೊ ಇನ್ನೊಂದು ಕಡೆ ಅಂತ ಮೂರು ಫೀ ಕಟ್ಟುವ ಶಕ್ತಿಯೂ ಇರಲಿಲ್ಲ. ಮೂರನ್ನೂ ಒಂದೇ ಆಟವಾಗಿ ಹೆಣೆದ ಜಪಾನಿನ ಪದ್ಧತಿಯ ಬಗ್ಗೆ ಓದಿದ್ದೆ. ಅದೇ ಬೇಕು ಎಂದು ಹಟ ಹಿಡಿದೆ.

ಅವ್ವ ಫೋನಿನಲ್ಲಿ, ‘ನೌಕರಿ ಹುಡುಕೂದು ಬಿಟ್ಟು ಕುಸ್ತಿ ಹಿಡೀಲಿಕ್ಕ ಹೊಂಟೀಯೇನು? ಕೈ ಕಾಲ ಮುರ್ಕೊಂಡ್ರ ಯಾರ ನೋಡ್ತಾರ ಅಲ್ಲಿ?’ ಎಂದಳು. ಅವಳ ಮಾತಿನಲ್ಲಿ ಲೆಕ್ಕ ಇತ್ತು. ನನಗೆ ಇನ್ಶೂರೆನ್ಸ್ ಇರಲಿಲ್ಲ. ಟ್ಯೂಷನ್ ಹಣದಲ್ಲಿ ತಿಂಗಳಿಗೆ ಎರಡೂವರೆ ಸಾವಿರಕ್ಕಿಂತ ಹೆಚ್ಚು ತೆಗೆಯಲಾಗುತ್ತಿರಲಿಲ್ಲ. ಒಂದು ಮೊಣಕೈ ಹೋದರೆ ಟೈಪಿಂಗ್ ಹೋಗುತ್ತದೆ, ಟೈಪಿಂಗ್ ಹೋದರೆ ಇಂಟರ್‌ವ್ಯೂ ಹೋಗುತ್ತದೆ, ಊರಲ್ಲಿ ಗಂಡು ನೋಡುವ ಮಾತು ಆಗಲೇ ಶುರುವಾಗಿತ್ತು. ಹಾಗಾಗಿ ಜಿಮ್ ಹುಡುಕಾಟ ನನಗೆ ಹವ್ಯಾಸದ ಮಾತಾಗಿರಲಿಲ್ಲ.

ಜಪಾನಿ ಮಾದರಿ ಅಂದರೇನು?

ಎಂಎಂಎ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಅಮೆರಿಕದ ಯುಎಫ್‌ಸಿಯ ಎಂಟು ಮೂಲೆಯ ಪಂಜರ. 2024ರ ಜೂನ್‌ನಲ್ಲಿ ಪೂಜಾ ತೋಮರ್ ಅಲ್ಲಿ ಗೆದ್ದು, ಯುಎಫ್‌ಸಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡ ಮೇಲಂತೂ ಹುಡುಗಿಯರೂ ಅದರ ವಿಡಿಯೊ ನೋಡುತ್ತಾರೆ. ಯುಎಫ್‌ಸಿಯ ಮೊದಲ ಕೂಟ ನಡೆದದ್ದು 1993ರ ನವೆಂಬರ್‌ನಲ್ಲಿ. ಜಪಾನಿನಲ್ಲಿ ಆ ಹೊತ್ತಿಗಾಗಲೇ ಇಂಥದೇ ಒಂದು ಆಟ ನಿಯಮ, ದರ್ಜೆ, ಚಾಂಪಿಯನ್‌ಷಿಪ್ ಸಮೇತ ಬೇರೂರಿತ್ತು.

ಅದರ ಹೆಸರು ಶೂಟೊ. ಅದನ್ನು ಕಟ್ಟಿದವರು ಸತೊರು ಸಯಾಮ. ಟಿ.ವಿ. ಕುಸ್ತಿಯಲ್ಲಿ ಹುಲಿಯ ಮುಖವಾಡ ಹಾಕಿಕೊಂಡು ‘ಟೈಗರ್ ಮಾಸ್ಕ್’ ಆಗಿ ಮನೆಮಾತಾಗಿದ್ದವರು. ಮೊದಲೇ ಫಲಿತಾಂಶ ತೀರ್ಮಾನವಾಗುವ ಆ ಕುಸ್ತಿಯನ್ನು ಜನಪ್ರಿಯತೆಯ ಶಿಖರದಲ್ಲಿರುವಾಗಲೇ ಬಿಟ್ಟು, ಎಂಬತ್ತರ ದಶಕದ ಮಧ್ಯದಲ್ಲಿ ಸ್ವಂತ ಜಿಮ್ ತೆರೆದು, ನಿಜವಾದ ಪೈಪೋಟಿಯ ಆಟವೊಂದನ್ನು ರೂಪಿಸತೊಡಗಿದರು. 1989ರಲ್ಲಿ ಶೂಟೊದ ವೃತ್ತಿಪರ ಪಂದ್ಯಗಳು ಶುರುವಾದವು. ಶೂಟೊದವರು ತಮ್ಮ ಆಟವನ್ನು ಮೂರು ಅಕ್ಷರಗಳಲ್ಲಿ ಹೇಳುತ್ತಾರೆ: ದಾ, ತೋ, ಕ್ಯೊಕು. ಹೊಡೆ, ಎಸೆ, ಪಟ್ಟು ಬಿಗಿ. ಈ ಮೂರೂ ನಡುವೆ ತಡೆಯಿಲ್ಲದೆ ಹರಿಯಬೇಕು ಎಂಬುದು ಅದರ ತಿರುಳು. ಬಾಕ್ಸಿಂಗ್ ಮುಗಿಸಿ ಆಮೇಲೆ ಕುಸ್ತಿ ಹಿಡಿಯುವುದಲ್ಲ. ಗುದ್ದಿನ ನೆಪದಲ್ಲಿ ಹಿಡಿತ, ಹಿಡಿತದಿಂದ ಎಸೆತ, ಎಸೆದ ಕೈಯಲ್ಲೇ ಪಟ್ಟು.

ಇದೊಂದೇ ಅಲ್ಲ. 1981ರಲ್ಲಿ ಸೆಂಡಾಯ್ ನಗರದಲ್ಲಿ ತಕಾಶಿ ಅಝುಮ ಕರಾಟೆಗೆ ಜೂಡೊ ಬೆಸೆದು ಕಟ್ಟಿದ ಶಾಲೆ ಮುಂದೆ ಕುಡೊ ಆಯಿತು. ಜೂಡೊ ಅಂಗಿ ತೊಟ್ಟು, ಮುಖಕ್ಕೆ ಪಾರದರ್ಶಕ ಗುರಾಣಿಯಿರುವ ಹೆಡ್‌ಗಾರ್ಡ್ ಹಾಕಿ ಆಡುವ ಆಟವದು. ಅದರಲ್ಲಿ ತೂಕದ ಜೊತೆ ಎತ್ತರವನ್ನೂ ಕೂಡಿ ವಿಭಾಗ ಮಾಡುತ್ತಾರೆ. ಭಾರತದಲ್ಲೂ ಕುಡೊ ಇದೆ. ಸೂರತ್‌ನಲ್ಲಿ ನಟ ಅಕ್ಷಯ್ ಕುಮಾರ್ ಹೆಸರಿನ ಟೂರ್ನಿ ನಡೆಯುತ್ತ ಬಂದಿದೆ. 1993ರಲ್ಲಿ ಪ್ಯಾಂಕ್ರೇಸ್ ಬಂತು. 1997ರಲ್ಲಿ ಪ್ರೈಡ್ ಬಂತು. ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಜೂಡೊ ಚಿನ್ನ ಗೆದ್ದ ಹಿದೆಹಿಕೊ ಯೊಶಿದ ಅದೇ ಜೂಡೊ ಅಂಗಿ ತೊಟ್ಟು ಪ್ರೈಡ್ ರಿಂಗಿಗೆ ಇಳಿದಿದ್ದರು. ಹಾಸ್ಟೆಲ್‌ನಲ್ಲಿ ಆ ಹಳೆಯ ವಿಡಿಯೊ ನೋಡಿದಾಗಲೇ ನನಗೆ ಈ ಹುಚ್ಚು ಹಿಡಿದದ್ದು.

ಇವೆಲ್ಲದರ ಬೇರು ಜೂಡೊದಲ್ಲಿದೆ. 1882ರಲ್ಲಿ ಜಿಗೊರೊ ಕಾನೊ ಟೋಕಿಯೊದ ಒಂದು ದೇವಸ್ಥಾನದಲ್ಲಿ ಹನ್ನೆರಡು ಚಾಪೆಗಳಷ್ಟು ಜಾಗದಲ್ಲಿ ಜೂಡೊ ಶುರು ಮಾಡಿದರು. ಅಲ್ಲಿ ಮೊದಲ ಪಾಠ ಎಸೆಯುವುದಲ್ಲ, ಬೀಳುವುದು. ಅದಕ್ಕೆ ಉಕೆಮಿ ಎನ್ನುತ್ತಾರೆ. ಎರಡನೆಯದು, ಪಟ್ಟಿಗೆ ಸಿಕ್ಕಾಗ ಎದುರಾಳಿಯ ಮೈಯನ್ನೋ ನೆಲವನ್ನೋ ತಟ್ಟುವುದು, ಇಲ್ಲವೇ ಬಾಯಲ್ಲಿ ‘ಮೈತ್ತಾ’ ಎನ್ನುವುದು. ಸೋತೆ ಎಂದರ್ಥ. ಮೈತ್ತಾ ಅಂದ ಕ್ಷಣ ಬಿಡಬೇಕು. ಈ ನಂಬಿಕೆ ಇರುವುದರಿಂದಲೇ ಕೀಲು ಮುರಿಯುವ ಪಟ್ಟುಗಳನ್ನು ದಿನಾ ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಿದರೂ ಮರುದಿನ ಇಬ್ಬರೂ ಬರುವುದು ಸಾಧ್ಯ. ನಾಲ್ಕು ತಿಂಗಳ ಅಲೆದಾಟದಲ್ಲಿ ನಾನು ಹುಡುಕಿದ್ದು ಏನನ್ನು ಎಂದು ಈಗ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ.

ಮೂರು ಬಾಗಿಲು

ಮೊದಲು ಹೋದ ಜಾಗ ಗಾಜಿನ ಬಾಗಿಲು, ಎ.ಸಿ., ಕಾಫಿ ಮಷಿನ್ ಇರುವಂಥದ್ದು. ಗೋಡೆಯ ಮೇಲೆ ‘ಎಂಎಂಎ’ ಎಂದು ಆಳೆತ್ತರದ ಅಕ್ಷರ. ಕ್ಲಾಸಿನಲ್ಲಿ ಜೋರು ಹಾಡು, ಚೀಲಕ್ಕೆ ಗುದ್ದು, ಹಗ್ಗದ ಜಿಗಿತ, ಮುಗಿಯಿತು. ಬೆವರು ಚೆನ್ನಾಗಿಯೇ ಬಂತು. ‘ನೆಲದ ಮೇಲಿನ ಅಭ್ಯಾಸ ಯಾವಾಗ ಸರ್?’ ಎಂದು ಕೇಳಿದೆ. ‘ಕ್ಲೈಂಟ್ಸ್ ಇಷ್ಟಪಡಲ್ಲ ಮೇಡಂ, ಬಟ್ಟೆ ಕೊಳೆಯಾಗುತ್ತೆ’ ಎಂದರು. ಮೂರು ತಿಂಗಳ ಫೀ ಒಟ್ಟಿಗೇ ಕಟ್ಟಬೇಕು, ಹದಿನೆಂಟು ಸಾವಿರ. ತೂಕ ಇಳಿಸಿಕೊಳ್ಳಲು ಬರುವವರಿಗೆ ಅದು ಒಳ್ಳೆಯ ಜಾಗವೇ ಇರಬಹುದು. ನಾನು ನೀರು ಕುಡಿದು ಬಸ್ಸು ಹತ್ತಿದೆ.

ಎರಡನೆಯದು ಇದಕ್ಕೆ ತದ್ವಿರುದ್ಧ. ಶೆಡ್ಡು, ಹಳೇ ಟೈರು, ಗೋಡೆಯ ಮೇಲೆ ಉದಯಸೂರ್ಯನ ಬಾವುಟ, ಜಪಾನಿ ಅಕ್ಷರಗಳು. ‘ನಮ್ಮದು ಪಕ್ಕಾ ಜಪಾನ್ ಸ್ಟೈಲ್’ ಎಂದರು ಅಲ್ಲಿನ ಟ್ರೇನರ್. ಅವರ ಪಾಲಿಗೆ ಜಪಾನ್ ಅಂದರೆ ಪ್ರೈಡ್‌ನ ಹಳೆಯ ವಿಡಿಯೊಗಳು. ಪ್ರೈಡ್‌ನಲ್ಲಿ ಬಿದ್ದವನ ತಲೆಗೆ ಒದೆಯಲು ಅವಕಾಶವಿತ್ತು, ಮೊದಲ ಸುತ್ತೇ ಹತ್ತು ನಿಮಿಷ ಇರುತ್ತಿತ್ತು. ಅದು ಹತ್ತಾರು ವರ್ಷ ಪಳಗಿದ ವೃತ್ತಿಪರರು ರೆಫರಿ, ಡಾಕ್ಟರ್ ಎದುರು ಆಡುತ್ತಿದ್ದ ಪಂದ್ಯ. ಇಲ್ಲಿ ಮೊದಲ ದಿನವೇ ನನ್ನನ್ನು ಸ್ಪಾರಿಂಗ್‌ಗೆ ಇಳಿಸಿದರು. ನಾನು 52 ಕೆ.ಜಿ., ಎದುರಿನ ಹುಡುಗ 80ರ ಹತ್ತಿರ. ನೆಲಕ್ಕೆ ಬಿದ್ದ ಮೇಲೆ ಅವನು ನನ್ನ ಬಲಗೈಯನ್ನು ತೊಡೆಗಳ ನಡುವೆ ಸಿಕ್ಕಿಸಿ ಹಿಂದಕ್ಕೆ ಒರಗಿದ. ಜೂಡೊದ ಜೂಜಿ ಗತಾಮೆ, ನನಗೆ ಅಂಗೈಯ ಗೆರೆಯಷ್ಟು ಪರಿಚಿತ ಪಟ್ಟು. ತಪ್ಪಿಸಿಕೊಳ್ಳಲು ಜಾಗವಿಲ್ಲ ಎಂದು ತಿಳಿದ ಕೂಡಲೇ ಮೂರು ಸಲ ತಟ್ಟಿದೆ. ಅವನು ಬಿಡಲಿಲ್ಲ. ಇನ್ನೊಂದು ಜಗ್ಗು ಜಗ್ಗಿದ. ಒಳಗೆ ಏನೋ ಲಟಕ್ ಎಂದಿತು.

ನಾನು ಕೈ ಹಿಡಿದುಕೊಂಡು ಕೂತಿದ್ದಾಗ ಟ್ರೇನರ್, ‘ಇಷ್ಟು ಬೇಗ ಟ್ಯಾಪ್ ಮಾಡಿದ್ರೆ ಬೆಳೆಯಲ್ಲ’ ಎಂದು ನಕ್ಕರು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಸ್ನಾಯು ಎಳೆದಿತ್ತು. ಮೂರು ವಾರ ಕ್ರೇಪ್ ಬ್ಯಾಂಡೇಜ್. ಆ ವಾರವೇ ಇದ್ದ ಒಂದು ಟೆಸ್ಟನ್ನು ಎಡಗೈಯಲ್ಲಿ ಟೈಪ್ ಮಾಡಿ ಬರೆದೆ. ಸಮಯ ಸಾಲಲಿಲ್ಲ. ಅವ್ವನಿಗೆ ಹೇಳಲಿಲ್ಲ.

ತಟ್ಟದೇ ಇರುವುದೇ ಶೌರ್ಯ ಎನ್ನುವವರಿಗೆ ಒಂದು ಹಳೆಯ ಕಥೆ ಇದೆ. 1951ರಲ್ಲಿ ರಿಯೊ ಡಿ ಜನೈರೊದ ಮರಕಾನ ಸ್ಟೇಡಿಯಂನಲ್ಲಿ ಜಪಾನಿನ ಜೂಡೊ ದಿಗ್ಗಜ ಮಸಾಹಿಕೊ ಕಿಮುರ, ಬ್ರೆಜಿಲ್‌ನ ಹೆಲಿಯೊ ಗ್ರೇಸಿಯ ತೋಳನ್ನು ತಿರುಚಿ ಹಿಡಿದರು. ಗ್ರೇಸಿ ತಟ್ಟಲಿಲ್ಲ. ತೋಳು ಮುರಿಯಿತು. ಕೊನೆಗೆ ಅವರ ಕಡೆಯವರೇ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಬ್ರೆಜಿಲ್‌ನವರು ಆ ಪಟ್ಟಿಗೆ ಗೆದ್ದವರ ಹೆಸರನ್ನೇ ಇಟ್ಟರು. ಇವತ್ತಿಗೂ ಜಗತ್ತಿನ ಎಲ್ಲ ಜಿಮ್‌ಗಳಲ್ಲಿ ಅದು ‘ಕಿಮುರ’. ಆದರೆ ಅದು ಒಮ್ಮೆ ಆಡುವ ಪಂದ್ಯ. ಮಂಗಳವಾರ ಸಂಜೆಯ ಕ್ಲಾಸಿನಲ್ಲಿ, ಬುಧವಾರ ಇಂಟರ್‌ವ್ಯೂ ಇರುವ ಹುಡುಗಿಯ ತೋಳಿನ ಮೇಲೆ ಅದನ್ನು ಮಾಡುವುದಕ್ಕೆ ಶೌರ್ಯ ಎಂಬ ಹೆಸರಿಲ್ಲ.

ಕೈ ನೋಯುತ್ತಿದ್ದ ದಿನಗಳಲ್ಲಿ ಟ್ಯೂಷನ್ ಮಗುವಿನ ಅಜ್ಜ ನನ್ನನ್ನು ಪೇಟೆಯ ಒಂದು ಗರಡಿ ಮನೆಗೆ ಕರೆದುಕೊಂಡು ಹೋದರು. ಹಳೆ ಬೆಂಗಳೂರಿನ ಪೇಟೆಗಳಲ್ಲಿ ಗರಡಿಗಳು ಇನ್ನೂ ಇವೆ. ಕರಗದ ವೀರಕುಮಾರರಿಗೂ ಗರಡಿಗೂ ಇರುವ ನಂಟು ಇಲ್ಲಿನವರಿಗೆ ಗೊತ್ತೇ ಇದೆ. ಕೆಮ್ಮಣ್ಣಿನ ವಾಸನೆ, ಹನುಮಂತನ ಪಟ, ಗೋಡೆಗೆ ಒರಗಿದ ಗದೆಗಳು. ವಯಸ್ಸಾದ ಉಸ್ತಾದರು, ‘ಮಣ್ಣಿಗೆ ಇಳಿಸೋಕಾಗಲ್ಲಮ್ಮ, ಇಲ್ಲಿ ಹೆಣ್ಮಕ್ಕಳು ಇಳಿಯೋ ಪದ್ಧತಿ ಇಲ್ಲ. ಕೂತು ನೋಡು’ ಎಂದರು. ಕೂತು ನೋಡಿದೆ. ನಾನು ಹುಡುಕುತ್ತಿರುವುದನ್ನು ಅಜ್ಜ ಅವರಿಗೆ ವಿವರಿಸಿದರು.

ನಮ್ಮ ನೆಲಕ್ಕೂ ಇಂಥ ಕಾಳಗಗಳು ಹೊಸದಲ್ಲ. ಮೈಸೂರು ಅರಮನೆಯಲ್ಲಿ ದಸರೆಗೆ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಒಂದು ಹನಿ ರಕ್ತ ಚಿಮ್ಮಿದ ಕೂಡಲೇ ನಿಲ್ಲುತ್ತದೆ. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಸೋಲು, ತಟ್ಟುವ ಪದ್ಧತಿಯೇ ಇಲ್ಲ. 1976ರ ಡಿಸೆಂಬರ್‌ನಲ್ಲಿ ಕರಾಚಿಯಲ್ಲಿ ಜಪಾನಿನ ಆಂಟೊನಿಯೊ ಇನೊಕಿ, ಹೆಸರಾಂತ ಪೈಲ್ವಾನ್ ಅಕ್ರಮ್ ಅವರ ತೋಳನ್ನು ಇದೇ ಕಿಮುರ ಪಟ್ಟಿನಲ್ಲಿ ಸಿಕ್ಕಿಸಿದಾಗಲೂ ಪೈಲ್ವಾನರು ಮಣಿಯಲಿಲ್ಲ, ತೋಳು ಹೋಯಿತು. ಎರಡು ಪದ್ಧತಿಗಳು ಎದುರಾದಾಗ ನಿಲ್ಲಿಸುವ ಮಾತು ಇಬ್ಬರಿಗೂ ಒಂದೇ ಆಗಿರಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಹೊರಡುವಾಗ ಉಸ್ತಾದರು ಹೇಳಿದರು: ‘ಬೋರ್ಡ್ ನೋಡಬೇಡ, ಮೇಷ್ಟ್ರ ಮಾತೂ ಕೇಳಬೇಡ. ಇರೋದ್ರಲ್ಲಿ ದೊಡ್ಡ ಪೈಲ್ವಾನ ಚಿಕ್ಕ ಹುಡುಗನ ಜೊತೆ ಹೆಂಗೆ ಆಡ್ತಾನೆ ಅಂತ ನೋಡು. ಗರಡಿ ಎಂಥದ್ದು ಅಂತ ಅಷ್ಟರಲ್ಲೇ ತಿಳಿಯುತ್ತೆ.’

ಎರಡನೇ ಮಹಡಿಯ ಚಾಪೆಗಳು

ಕೊನೆಗೆ ಸಿಕ್ಕಿದ್ದು ಹಾರ್ಡ್‌ವೇರ್ ಗೋಡೌನ್ ಮೇಲಿನ ಎರಡನೇ ಮಹಡಿಯಲ್ಲಿ. ಹಳೆಯ ಜೂಡೊ ಗೆಳತಿಯೊಬ್ಬಳು ಹೇಳಿದ ಸುಳಿವು ಅದು. ಬೋರ್ಡ್ ಇರಲಿಲ್ಲ, ಮೆಟ್ಟಿಲಲ್ಲಿ ಸಾಲಾಗಿ ಚಪ್ಪಲಿ ಇದ್ದವು. ನೆಲಪೂರ್ತಿ ಬಣ್ಣ ಮಾಸಿದ ಜೂಡೊ ಚಾಪೆ, ಒಂದು ಗೋಡೆಗೆ ದಪ್ಪ ಪ್ಯಾಡು, ನಾಲ್ಕು ಚೀಲ. ಕೋಚ್ ಮಣಿಪುರದವರು. ಜೂಡೊ ಆಡಿದವರು, ಕೆಲಸಕ್ಕೆಂದು ಜಪಾನಿನಲ್ಲಿ ಮೂರು ವರ್ಷ ಇದ್ದಾಗ ಅಲ್ಲಿನ ಸಣ್ಣ ಜಿಮ್ ಒಂದರಲ್ಲಿ ಶೂಟೊ ಕಲಿತವರು. ಕನ್ನಡ ಹರಕುಮುರುಕು. ‘ಇವತ್ತು ದುಡ್ಡು ಬೇಡ. ಕೂತ್ಕೊಂಡು ನೋಡು’ ಎಂದರು. ಉಸ್ತಾದರ ಮಾತೇ ಇಲ್ಲೂ ಕೇಳಿಸಿತು.

ಉಸ್ತಾದರು ಹೇಳಿದ್ದನ್ನೇ ನೋಡಿದೆ. ಅಲ್ಲಿ ಎಲ್ಲರಿಗಿಂತ ದಪ್ಪಗಿದ್ದವನು ಕ್ಯಾಬ್ ಓಡಿಸುವ ಒಬ್ಬ ಅಣ್ಣ. ಅವನ ಜೊತೆ ಹದಿನಾರರ ಹುಡುಗ. ಅಣ್ಣ ತನ್ನ ಭಾರ ಅವನ ಎದೆ ಮೇಲೆ ಬೀಳದ ಹಾಗೆ ಮೊಣಕಾಲ ಮೇಲೆ ತಾಳಿಕೊಂಡಿದ್ದ. ಹುಡುಗನ ತೋಳು ಸಿಕ್ಕಿತು. ಅಣ್ಣ ಎಳೆಯಲಿಲ್ಲ, ಅಲ್ಲೇ ಹಿಡಿದು ಕಾದ. ಹುಡುಗ ತಟ್ಟಿದ. ತಟ್ಟಿದ ಸದ್ದಿಗೆ ಹಿಡಿತ ಬಿಟ್ಟಿತ್ತು. ಇಬ್ಬರೂ ಅಂಗೈ ತಾಗಿಸಿ, ಮತ್ತೆ ಮೊಣಕಾಲೂರಿ ಶುರು ಮಾಡಿದರು. ಯಾರೂ ನಗಲಿಲ್ಲ, ಯಾರೂ ನೋಡಲೂ ಇಲ್ಲ. ಒಂದು ಗಂಟೆಯಲ್ಲಿ ಆ ಕೋಣೆಯಲ್ಲಿ ಐವತ್ತು ಸಲವಾದರೂ ಯಾರೋ ಸೋತರು, ಏನೂ ಆಗಲಿಲ್ಲ. ಮರುದಿನವೇ ಹೋಗಿ ಎರಡೂವರೆ ಸಾವಿರ ಕಟ್ಟಿದೆ.

ಕ್ಲಾಸ್ ನಡೆಯುವ ಕ್ರಮವೂ ಬೇರೆ. ಮೊದಲ ಹತ್ತು ನಿಮಿಷ ಬೀಳುವ ಅಭ್ಯಾಸ, ಎಷ್ಟೇ ಹಳಬರಾದರೂ. ಆಮೇಲೆ ಪ್ಯಾಡ್‌ಗೆ ಹೊಡೆತ. ನಂತರ ಹೊಡೆತದಿಂದ ಹಿಡಿತಕ್ಕೆ ಹೋಗುವ ಒಂದೇ ಒಂದು ದಾರಿಯನ್ನು ಅರ್ಧ ಗಂಟೆ ಉಜ್ಜುವುದು. ಸ್ಪಾರಿಂಗ್ ಶನಿವಾರ ಮಾತ್ರ. ಹೊಸಬರಿಗೆ ಮೊದಲ ಎರಡು ತಿಂಗಳು ತಲೆಗೆ ಹೊಡೆತವಿಲ್ಲ. ಮೌತ್‌ಗಾರ್ಡ್ ಇಲ್ಲದೆ ಚಾಪೆಗೆ ಕಾಲಿಡುವಂತಿಲ್ಲ, ಉಗುರು ಬೆಳೆದಿದ್ದರೆ ಅಲ್ಲೇ ನೇಲ್‌ಕಟರ್. ಕ್ಲಾಸ್ ಮುಗಿದ ಮೇಲೆ ಎಲ್ಲರೂ ಬಟ್ಟೆ ಹಿಡಿದು ಚಾಪೆ ಒರೆಸುತ್ತಾರೆ. ಜಪಾನಿನ ದೋಜೊಗಳಲ್ಲಿ ಇದು ಅಭ್ಯಾಸದ ಭಾಗವೇ. ಐಟಿ ಕಂಪನಿಯ ಮ್ಯಾನೇಜರ್ ಆದರೂ ಬಕೆಟ್ ಹಿಡಿಯಲೇಬೇಕು. ಇದರಲ್ಲಿ ದೊಡ್ಡ ತತ್ವವೇನಿಲ್ಲ, ಚಾಪೆ ಒರೆಸದಿದ್ದರೆ ಎಲ್ಲರಿಗೂ ಗಜಕರ್ಣ ಹತ್ತುತ್ತದೆ.

ಮೊದಲ ತಿಂಗಳು ನನ್ನ ಏಳು ವರ್ಷದ ಜೂಡೊ ಅರ್ಧಕ್ಕರ್ಧ ಕೆಲಸಕ್ಕೆ ಬರಲಿಲ್ಲ. ಹಿಡಿಯಲು ಅಂಗಿಯ ಕಾಲರ್ ಇಲ್ಲ. ಜೂಡೊ ಪಂದ್ಯಗಳಲ್ಲಿ ಕಾಲಿಗೆ ಕೈ ಹಾಕುವುದನ್ನು 2010ರ ನಂತರ ಹಂತಹಂತವಾಗಿ ನಿಷೇಧಿಸಿದ್ದರಿಂದ ನನ್ನ ತಲೆಮಾರಿನವರಿಗೆ ಕಾಲು ಕಾಪಾಡಿಕೊಳ್ಳುವುದೇ ಗೊತ್ತಿಲ್ಲ. ಆರು ತಿಂಗಳು ಕಲಿತ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಎರಡೂ ಕಾಲು ಬಾಚಿ ನನ್ನನ್ನು ಸಲೀಸಾಗಿ ಉರುಳಿಸುತ್ತಿದ್ದಳು. ಬೀಳುವುದು ಮಾತ್ರ ಚೆನ್ನಾಗಿ ಬರುತ್ತಿತ್ತು. ನಿಧಾನಕ್ಕೆ ಕಾಲರ್ ಬದಲು ಕಂಕುಳಡಿ ಕೈ ತೂರಿಸುವುದು, ಸೊಂಟದ ಮೇಲೆ ಹೇರಿ ಎಸೆಯುವುದು ಕೂಡಿಬಂತು. ಎದುರಿನವರು ಗುದ್ದಲು ಕೈ ಚಾಚಿದಾಗ ಅದೇ ಕೈ ನನಗೆ ಹಿಡಿಕೆಯಾಗುತ್ತದೆ ಎಂದು ಅರ್ಥವಾದ ದಿನ ಪಿ.ಜಿ.ಯವರೆಗೂ ನಡೆದೇ ಹೋದೆ.

ಏಣಿ ಇರಬೇಕು

ಜಪಾನಿನಲ್ಲೂ ಈ ಶಿಸ್ತು ಸುಮ್ಮನೆ ಬಂದದ್ದಲ್ಲ. 1995ರ ಏಪ್ರಿಲ್‌ನಲ್ಲಿ ಟೋಕಿಯೊದ ಬುದೊಕಾನ್‌ನಲ್ಲಿ ನಡೆದ ಟೂರ್ನಿಯಲ್ಲಿ ಶೂಟೊ ಚಾಂಪಿಯನ್ ಯೂಕಿ ನಕಾಯ್ ತನಗಿಂತ ಬಹಳ ಭಾರದ ಡಚ್ ಸ್ಪರ್ಧಿಯನ್ನು ಎದುರಿಸಿದರು. ಆತ ನಿಯಮ ಮೀರಿ ನಕಾಯ್ ಕಣ್ಣಿಗೆ ಬೆರಳು ಹಾಕಿದ. ಆ ಪಂದ್ಯವನ್ನೂ ಮುಂದಿನದನ್ನೂ ಗೆದ್ದು, ಒಂದೇ ರಾತ್ರಿಯಲ್ಲಿ ಫೈನಲ್‌ವರೆಗೆ ಹೋಗಿ ರಿಕ್ಸನ್ ಗ್ರೇಸಿಗೆ ಸೋತರು. ಬಲಗಣ್ಣಿನ ದೃಷ್ಟಿ ಮತ್ತೆ ಬರಲಿಲ್ಲ. ಆಟಕ್ಕೆ ಕೆಟ್ಟ ಹೆಸರು ಬರಬಾರದೆಂದು ಆ ವಿಷಯವನ್ನು ಬಹಳ ಕಾಲ ಹೊರಗೆ ಹೇಳಲಿಲ್ಲ. ಎರಡು ವರ್ಷಗಳ ನಂತರ ಪರಾಎಸ್ತ್ರಾ ಎಂಬ ಜಿಮ್ ತೆರೆದರು. ಅದರ ಶಾಖೆಗಳು ಜಪಾನಿನ ತುಂಬ ಹರಡಿ ಎಷ್ಟೋ ಸಾಮಾನ್ಯರಿಗೆ ಕಲಿಸಿದವು. ನಕಾಯ್ ಕಥೆಯನ್ನು ನಮ್ಮ ಕೋಚ್ ಹೇಳುವುದು ಹುಡುಗರಿಗೆ ಆವೇಶ ಬರಲಿ ಎಂದಲ್ಲ. ‘ಇದಕ್ಕೇ ನೋಡು ರೂಲ್ಸ್’ ಎನ್ನುತ್ತಾರೆ.

ಶೂಟೊದಲ್ಲಿ ಹೊಸಬರು ನೇರವಾಗಿ ವೃತ್ತಿಪರ ರಿಂಗಿಗೆ ಹೋಗುವುದಿಲ್ಲ. ಮೊದಲು ಅಮೆಚೂರ್ ಕೂಟಗಳು. ಅಲ್ಲಿ ಹೆಡ್‌ಗಾರ್ಡ್, ಶಿನ್‌ಗಾರ್ಡ್ ಇರುತ್ತವೆ, ನೆಲದ ಮೇಲಿರುವವರ ತಲೆಗೆ ಹೊಡೆಯುವಂತಿಲ್ಲ. ಅಲ್ಲಿ ಸಾಮರ್ಥ್ಯ ತೋರಿಸಿದವರಿಗೆ ವೃತ್ತಿಪರ ಲೈಸೆನ್ಸ್, ಅದರಲ್ಲೂ ಮೊದಲು ‘ಬಿ’ ದರ್ಜೆ, ಆಮೇಲೆ ‘ಎ’. ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಏಣಿ ಅದು. ಒಂದು ಜಿಮ್ ಜಪಾನಿ ಮಾದರಿಯದು ಹೌದೋ ಅಲ್ಲವೋ ಎಂಬುದನ್ನು ಗೋಡೆಯ ಬಾವುಟ ಹೇಳುವುದಿಲ್ಲ, ಈ ಏಣಿ ಹೇಳುತ್ತದೆ.

ನಿಮ್ಮಲ್ಲಿ ಯಾರಾದರೂ, ಮುಖ್ಯವಾಗಿ ಹೊರ ಊರಿಂದ ಬಂದ ಹುಡುಗಿಯರು, ಇಂಥ ಜಾಗ ಹುಡುಕುತ್ತಿದ್ದರೆ ಕೆಲವು ಮಾತು. ಫೀ ಕಟ್ಟುವ ಮೊದಲು ಒಂದು ಇಡೀ ಕ್ಲಾಸ್ ಕೂತು ನೋಡಲು ಬಿಡುತ್ತಾರೆಯೇ ಕೇಳಿ. ಬಿಡದಿದ್ದರೆ ವಾಪಸ್ ಬನ್ನಿ. ಯಾರಾದರೂ ತಟ್ಟಿದಾಗ ಹಿಡಿದವರ ಕೈ ನೋಡಿ, ಆಮೇಲೆ ಕೋಚ್ ಮುಖ ನೋಡಿ. ಮೊದಲ ದಿನವೇ ಸ್ಪಾರಿಂಗ್ ಎಂದರೆ ಬೇಡ ಎನ್ನಿ. ಹಳೆಯ ವಿದ್ಯಾರ್ಥಿನಿಯರು ಎಷ್ಟು ಜನ ಒಂದು ವರ್ಷದ ಮೇಲೂ ಉಳಿದಿದ್ದಾರೆ ಎಂದು ಅವರನ್ನೇ ಮಾತನಾಡಿಸಿ. ಬಟ್ಟೆ ಬದಲಿಸಲು ಚಿಲಕ ಇರುವ ಕೋಣೆ ಇದೆಯೇ, ಪಟ್ಟು ತೋರಿಸುವಾಗ ಕೋಚ್ ಮೊದಲು ಕೇಳಿ ಮೈ ಮುಟ್ಟುತ್ತಾರೆಯೇ, ಪೆಟ್ಟಾದರೆ ಹತ್ತಿರದ ಆಸ್ಪತ್ರೆ ಯಾವುದೆಂದು ಅವರಿಗೆ ಗೊತ್ತಿದೆಯೇ, ಇವೆಲ್ಲ ಕೇಳಲು ಸಂಕೋಚ ಬೇಡ. ಮೂರು ತಿಂಗಳ ಫೀ ಒಟ್ಟಿಗೆ ಕೇಳಿದರೆ ಒಂದು ತಿಂಗಳದ್ದು ಮಾತ್ರ ಕಟ್ಟುತ್ತೇನೆ ಎನ್ನಿ. ಬೆಂಗಳೂರಾದರೂ ಹುಬ್ಬಳ್ಳಿಯಾದರೂ ಕೇಳಬೇಕಾದ ಪ್ರಶ್ನೆಗಳು ಇವೇ.

ನನಗೆ ಕೆಲಸ ಸಿಕ್ಕಿ ಐದು ತಿಂಗಳಾಯಿತು. ಸಾಫ್ಟ್‌ವೇರ್ ಟೆಸ್ಟಿಂಗ್, ಮಧ್ಯಾಹ್ನದ ಶಿಫ್ಟ್. ಎಂಎಂಎ ಕಲಿತದ್ದರಿಂದ ಕೆಲಸ ಸಿಕ್ಕಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಸಿಗುವ ಮೊದಲು ಇನ್ನೂ ಒಂಬತ್ತು ಕಡೆ ‘ಇಲ್ಲ’ ಎಂದರು. ಆ ಒಂಬತ್ತು ಸಂಜೆಗಳಲ್ಲೂ ನಾನು ಎರಡನೇ ಮಹಡಿ ಹತ್ತಿದ್ದೆ. ಅಲ್ಲಿ ಹತ್ತು ಸಲ ಸೋತು, ಹತ್ತು ಸಲ ಮೊಣಕಾಲೂರಿ, ಚಾಪೆ ಒರೆಸಿ ಬಂದರೆ ನಿದ್ದೆ ಬರುತ್ತಿತ್ತು. ನಿದ್ದೆ ಬಂದರೆ ಬೆಳಿಗ್ಗೆ ಇನ್ನೊಂದು ಅರ್ಜಿ ಹಾಕಲು ಮನಸ್ಸಾಗುತ್ತಿತ್ತು.

ಈಗ ಬೆಳಿಗ್ಗೆ ಆರರ ಬ್ಯಾಚ್‌ಗೆ ಹೋಗುತ್ತೇನೆ. ನಾವೀಗ ಏಳು ಹುಡುಗಿಯರು. ಅವ್ವ ಕಳೆದ ತಿಂಗಳು ಬಂದಿದ್ದಾಗ ಮೂಲೆಯ ಕುರ್ಚಿಯಲ್ಲಿ ಕೂತು ಇಡೀ ಕ್ಲಾಸ್ ನೋಡಿದಳು. ಕೆಳಗಿಳಿಯುವಾಗ ಅವಳು ಕೇಳಿದ್ದು ಒಂದೇ: ‘ಆ ಹುಡುಗಿ ನೆಲಾ ಬಡದ್ಲಲ್ಲ, ಯಾಕ?’ ಸಾಕು ಅಂತ ಹೇಳಿದ್ದು ಅವ್ವ ಎಂದೆ. ‘ಮತ್ತ ಬಿಟ್ಟಬಿಟ್ರಲ್ಲ, ಚಲೋ ಮಂದಿ’ ಎಂದಳು.

ಕಳೆದ ವಾರ ಹಾಸನದಿಂದ ಹೊಸ ಹುಡುಗಿಯೊಬ್ಬಳು ಸೇರಿದಳು. ಹೊಸಬರಿಗೆ ಮೊದಲ ಪಾಠ ಹೇಳಿಕೊಡುವ ಕೆಲಸ ಈಗ ನನ್ನದು. ಗುದ್ದು ಕಲಿಯುವ ಆತುರದಲ್ಲಿದ್ದಳು. ಎದುರು ಕೂರಿಸಿ, ಅವಳ ಅಂಗೈ ಹಿಡಿದು ನನ್ನ ಭುಜದ ಮೇಲೆ ಎರಡು ಸಲ ತಟ್ಟಿಸಿದೆ. ‘ಇನ್ನೂ ಜೋರಾಗಿ, ನನಗೆ ಗೊತ್ತಾಗಬೇಕು’ ಎಂದೆ. ಮೂರನೇ ಸಲ ಸರಿಯಾಗಿ ತಟ್ಟಿದಳು.